ಪಂಡಿತನೊಬ್ಬ ಓದಲು ಕಲಿತದ್ದು

ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ಪಶ್ಚಿಮ ರೋಮನ್ ಚಕ್ರವರ್ತಿಯ ಆಸ್ಥಾನವು ಇಟಲಿಯ ಮಿಲಾನ್ ನಗರದಲ್ಲಿ ನೆಲೆಸಿದ್ದ ಕಾಲಕ್ಕೆ, ಅಲ್ಲಿಯ ವಾಕ್ಕಲೆಯ ಅಧ್ಯಾಪಕನೊಬ್ಬನು ತಾನು ಮಾಡಬೇಕಾಗಿದ್ದ ರಾಜಸ್ತುತಿಯ ಭಾಷಣವನ್ನು ಮನಸ್ಸಿನಲ್ಲಿಯೇ ತಿದ್ದಿಕೊಳ್ಳುತ್ತ ಗೆಳೆಯರೊಡನೆ ಬೀದಿಯಲ್ಲಿ ನಡೆದುಹೋಗುತ್ತಿದ್ದನು. ಆ ಭಾಷಣದಲ್ಲಿ ಸುಳ್ಳುಗಳು ಹಲವಿರಬೇಕಾಗಿದ್ದುವು. ಅವು ಸುಳ್ಳೆಂದು ಚೆನ್ನಾಗಿ ಬಲ್ಲವರೇ ಅವನ್ನು ಕೇಳಿ ತಲೆದೂಗಬೇಕಾಗಿದ್ದಿತು. ದಾರಿಯ ಪಕ್ಕದಲ್ಲಿ ಒಬ್ಬ ಭಿಕ್ಷುಕನು ಹೊಟ್ಟೆತುಂಬ ಕುಡಿದು, ನಗುತ್ತ, ಹಾಸ್ಯದ ಮಾತುಗಳನ್ನಾಡುತ್ತ ಕುಳಿತಿದ್ದನು. ಅವನನ್ನು ಕಂಡು ಅಧ್ಯಾಪಕನು ನಿಟ್ಟುಸಿರಿಟ್ಟನು. ತಾನು ಇಷ್ಟು ವರ್ಷ ವಿದ್ಯೆ, ಕೀರ್ತಿ, ಪದವಿಗಳ ಭಾರವನ್ನು ಹೊತ್ತು ಯಾವ ನೆಮ್ಮದಿಯ ಕಡೆಗೆ ನಡೆಯುತ್ತಿದ್ದನೋ, ಆ ನೆಮ್ಮದಿಯನ್ನು ಈ ಬಡವನು ಬೇಡಿ ತಂದ ನಾಲ್ಕು ಕಾಸಿನಲ್ಲಿ ಕೊಂಡುಕೊಂಡಿದ್ದನು. ಕುಡುಕನ ಸುಖವು ನಿಜವಾದ ಸುಖವಲ್ಲವೆಂಬುದು ಅಧ್ಯಾಪಕನಿಗೆ ತಿಳಿಯದ ವಿಷಯವೇನೂ ಅಲ್ಲ. ಆದರೆ ಅವನ ಅಮಲು ಒಂದು ರಾತ್ರಿಯ ನಿದ್ದೆಯಲ್ಲಿ ಇಳಿದುಹೋಗುವಂಥದು, ತನ್ನ ಕೀರ್ತಿಯ ಅಮಲಾದರೋ ದಿನದಿನವೂ ತನ್ನೊಡನೆ ಮಲಗಿ ತನ್ನೊಡನೆಯೇ ಏಳುವಂಥದು ಎಂಬ ಅರಿವು ಅವನನ್ನು ಚುಚ್ಚಿತು.

ಆ ಅಧ್ಯಾಪಕನೇ ಮುಂದೆ ಕ್ರೈಸ್ತ ಜಗತ್ತಿನ ಮಹಾಚಿಂತಕರಲ್ಲಿ ಒಬ್ಬನೆನಿಸಿದ ಸಂತ ಅಗಸ್ಟೀನ್. ಈ ಪ್ರಸಂಗವನ್ನು ಆತನೇ, ‘ಕನ್ಫೆಷನ್ಸ್’ ಎಂದು ಪ್ರಸಿದ್ಧವಾಗಿರುವ ತನ್ನ ಆತ್ಮನಿವೇದನೆಯಲ್ಲಿ ಬರೆದಿಟ್ಟಿದ್ದಾನೆ. ಸುಮಾರು ೩೯೭ರಲ್ಲಿ ಆರಂಭಿಸಿದ, ೧೩ ಭಾಗಗಳ ಈ ಗ್ರಂಥವು ಮೊದಲಿನಿಂದ ಕೊನೆಯವರೆಗೆ ದೇವರನ್ನೇ ಸಂಬೋಧಿಸಿ ಆಡಿದ ಒಂದು ದೀರ್ಘ ಪ್ರಾರ್ಥನೆ. ಮನುಷ್ಯನ ಹೃದಯದ ಚಾಂಚಲ್ಯಕ್ಕೆ ಕಾರಣವು ಅವನ ಸೃಷ್ಟಿಯಲ್ಲಿಯೇ ಇದೆ, ಅವನನ್ನು ತನಗಾಗಿ ನಿರ್ಮಿಸಿಕೊಂಡ ಪರಮಾತ್ಮನನ್ನು ಸೇರುವ ತನಕ ಅದು ಎಲ್ಲಿಯೂ ನಿಲ್ಲಲಾರದು ಎಂಬ ವಿಚಾರವು ಅದರ ಪ್ರಾರಂಭದಲ್ಲಿಯೇ ಬರುತ್ತದೆ. ಈ ವಿಚಾರವು ಪ್ರಸಿದ್ಧವಾದಷ್ಟು, ಅದರ ಹಿಂದಿರುವ ಕಥೆ ಪ್ರಸಿದ್ಧವಾಗಿಲ್ಲ. ಅಗಸ್ಟೀನನು ದೇವರಲ್ಲಿ ತೃಪ್ತಿಯನ್ನು ಕಂಡುಕೊಂಡ ವೃತ್ತಾಂತವು, ಬಿಡಿಸಿ ನೋಡಿದರೆ, ಭಾಷೆಯಲ್ಲಿ ಪಾರಂಗತನಾದ ಒಬ್ಬ ವಿದ್ವಾಂಸನು ಒಂದೇ ಒಂದು ಗ್ರಂಥವನ್ನು ಓದುವುದು ಹೇಗೆಂದು ಬಹು ಕಷ್ಟದಿಂದ ಕಲಿತ ವೃತ್ತಾಂತವೇ ಆಗಿದೆ.

ಆತನು ಹುಟ್ಟಿದ್ದು ೩೫೪ನೆಯ ನವೆಂಬರ್ ೧೩ರಂದು, ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಇಂದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ಪಟ್ಟಣವಿರುವ ಸ್ಥಳವದು. ತಂದೆ ಪ್ಯಾಟ್ರಿಶಿಯಸ್ ಅಲ್ಪಸ್ವಲ್ಪ ಆಸ್ತಿಯುಳ್ಳ ಗೃಹಸ್ಥ, ಮರಣಕ್ಕೆ ಸ್ವಲ್ಪ ಮುಂಚೆಯಷ್ಟೇ ದೀಕ್ಷಾಸ್ನಾನವನ್ನು ಪಡೆದವನು. ತಾಯಿ ಮೋನಿಕಾ ಬಾಲ್ಯದಿಂದಲೂ ಕ್ರಿಸ್ತಭಕ್ತೆ. ಧರ್ಮದ ವಿಷಯದಲ್ಲಿ ಭಿನ್ನರಾಗಿದ್ದ ಈ ದಂಪತಿಗಳು, ಮಗನು ಓದಿ ಮುಂದೆ ಬರಬೇಕೆಂಬ ವಿಷಯದಲ್ಲಿ ಮಾತ್ರ ಒಂದೇ ಮನಸ್ಸಿನವರು. ಹಣವಿಲ್ಲದೆ ಒಂದು ವರ್ಷ ವಿದ್ಯಾಭ್ಯಾಸವೇ ನಿಂತುಹೋದಾಗ ಊರಿನ ಶ್ರೀಮಂತನಾದ ರೊಮೇನಿಯಾನಸನ ಸಹಾಯವೂ ದೊರಕಿ, ಹುಡುಗನು ಕಾರ್ಥೇಜ್ ಮಹಾನಗರವನ್ನು ಸೇರಿದನು. ಅಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪಾಠಕ್ರಮದ ಪ್ರಕಾರ, ರೋಮನ್ ವಾಗ್ಮಿ ಸಿಸೆರೋ ಬರೆದ ‘ಹೊರ್ಟೆನ್ಸಿಯಸ್’ ಎಂಬ ಗ್ರಂಥವು ಅವನ ಕೈಗೆ ಬಂದಿತು. ಇಂದು ಕೆಲವು ಉದ್ಧೃತ ಭಾಗಗಳಲ್ಲಿ ಹೊರತು ನಷ್ಟವಾಗಿರುವ ಈ ಪುಸ್ತಕವನ್ನು ವಿದ್ಯಾರ್ಥಿಗಳು ಶೈಲಿಗಾಗಿ ಓದುತ್ತಿದ್ದರು. ಅಗಸ್ಟೀನನನ್ನು ಹಿಡಿದದ್ದು ಅದರೊಳಗಿನ ವಸ್ತು. ಹಣ, ಅಧಿಕಾರಗಳಿಗಿಂತ ಜ್ಞಾನವನ್ನೇ ಅರಸಬೇಕೆಂಬ ಉತ್ಕಟವಾದ ಆಸೆಯು ಅವನಲ್ಲಿ ಹುಟ್ಟಿಕೊಂಡಿತು.

ಆ ಆಸೆಯಿಂದಲೇ ಆತನು ಮೊದಲ ಸಲ ಸತ್ಯವೇದವನ್ನು ಕೈಗೆತ್ತಿಕೊಂಡದ್ದು. ಸಿಸೆರೋವಿನಲ್ಲಿ ಕ್ರಿಸ್ತನ ಹೆಸರಿರಲಿಲ್ಲ. ತಾಯಿಯ ಹಾಲಿನೊಡನೆ ಆ ಹೆಸರನ್ನು ಕುಡಿದಿದ್ದ ಮಗನಿಗೆ, ಅದಿಲ್ಲದ ಯಾವ ಜ್ಞಾನವೂ ಪೂರ್ಣವೆಂದು ತೋರಲಿಲ್ಲ. ಆದರೆ ಪುಟ ತೆರೆದವನಿಗೆ ಜುಗುಪ್ಸೆಯೇ ಆಯಿತು. ಅಂದು ಆಫ್ರಿಕದ ಕ್ರೈಸ್ತರು ಓದುತ್ತಿದ್ದ ಲ್ಯಾಟಿನ್ ಬೈಬಲು, ಹೆಸರು ತಿಳಿಯದ ಅನೇಕರು ಗ್ರೀಕಿನಿಂದ ಮಾಡಿದ ಹಳೆಯ ಭಾಷಾಂತರ. ಅದರ ನುಡಿ ಸಾಮಾನ್ಯ ಜನರ ನುಡಿ, ಅದರ ವಾಕ್ಯಗಳು ವ್ಯಾಕರಣಪಂಡಿತರ ಹುಬ್ಬುಗಳನ್ನು ಗಂಟಿಕ್ಕಿಸುವಂಥವು. ಸಿಸೆರೋವಿನ ಗಾಂಭೀರ್ಯವೆಲ್ಲಿ, ಈ ಹಳ್ಳಿಮಾತೆಲ್ಲಿ ಎಂದು ತರುಣನು ಅದನ್ನು ಮುಚ್ಚಿಟ್ಟನು. ಆ ದಿನದ ತನ್ನ ದೋಷವನ್ನು ಆತನು ಅನಂತರ ಬಹು ಸ್ಪಷ್ಟವಾಗಿ ಗುರುತಿಸಿದ್ದಾನೆ. ಆ ಗ್ರಂಥದ ಬಾಗಿಲು ತಗ್ಗಾದುದು. ತಾನೋ ತಲೆಬಗ್ಗಿಸಲು ಒಲ್ಲದವನಾಗಿದ್ದೆ ಎಂಬುದು ಆತನ ನಿವೇದನೆಯ ಸಾರ. ಪರೀಕ್ಷಕನು ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ತಿದ್ದುವ ಮನೋಭಾವದಿಂದ ಓದಿದವನಿಗೆ ಶಾಸ್ತ್ರವು ಏನನ್ನೂ ಹೇಳದೆ ಹೋಯಿತು.

ಹೀಗೆ ಶಾಸ್ತ್ರದಿಂದ ವಿಮುಖನಾದವನು ಸುಮಾರು ಒಂಬತ್ತು ವರ್ಷ ಮಾನೀ ಮತಕ್ಕೆ ಸೇರಿಕೊಂಡಿದ್ದನು. ಬೆಳಕು ಕತ್ತಲೆಗಳೆಂಬ ಎರಡು ಮೂಲತತ್ತ್ವಗಳ ಕಾದಾಟವೇ ಜಗತ್ತು, ಪಾಪ ಮಾಡುವುದು ನಾನಲ್ಲ, ನನ್ನೊಳಗಿನ ಕತ್ತಲೆ ಎನ್ನುವ ಈ ಮತವು, ನಂಬಿಕೆಯನ್ನು ಬೇಡದೆ ಯುಕ್ತಿಯಿಂದಲೇ ಎಲ್ಲವನ್ನೂ ತಿಳಿಸಿಕೊಡುತ್ತೇನೆಂದು ಮಾತುಕೊಟ್ಟಿದ್ದಿತು. ಆದರೆ ಆ ಪಂಥದ ಪ್ರಖ್ಯಾತ ಗುರುವಾದ ಫೌಸ್ಟಸನು ಬಂದಾಗ, ಅವನ ಮಾತಿನಲ್ಲಿ ಮಾಧುರ್ಯವಿದ್ದಷ್ಟು ವಿದ್ವತ್ತು ಇಲ್ಲವೆಂಬುದು ಬೇಗನೆ ಬಯಲಾಯಿತು. ನಿರಾಶನಾದ ಅಗಸ್ಟೀನನು ೩೮೩ರಲ್ಲಿ ರೋಮ್ ನಗರಕ್ಕೂ, ಮರುವರ್ಷ ಮಿಲಾನಿನ ಅಧ್ಯಾಪಕಪೀಠಕ್ಕೂ ಹೋದನು.

ಮಿಲಾನಿನ ಬಿಷಪ್ಪನಾದ ಆಂಬ್ರೋಸನ ಉಪದೇಶಗಳನ್ನು ಕೇಳಲು ಆತನು ಹೋದದ್ದು ಭಕ್ತಿಯಿಂದಲ್ಲ. ಒಬ್ಬ ವಾಗ್ಮಿಯು ಇನ್ನೊಬ್ಬ ವಾಗ್ಮಿಯ ಕೀರ್ತಿ ಎಷ್ಟು ನಿಜವೆಂದು ಅಳೆಯಲು ಹೋಗುವಂತೆ ಹೋದನು. ಶೈಲಿಗೆಂದು ತೆರೆದ ಕಿವಿಯಲ್ಲಿ ಅರ್ಥವೂ ಒಳಸೇರಿತು. ಹಳೆಯ ಒಡಂಬಡಿಕೆಯ ಯಾವ ಕಥೆಗಳು ತನಗೆ ಅಸಂಬದ್ಧವೆಂದು ತೋರಿದ್ದುವೋ, ಅವುಗಳ ಅಕ್ಷರಾರ್ಥದ ಒಳಗೆ ಇನ್ನೊಂದು ಅರ್ಥವು ಹುದುಗಿರಬಹುದೆಂಬುದನ್ನು ಆಂಬ್ರೋಸನು ತೋರಿಸಿಕೊಟ್ಟನು. ಆತನನ್ನು ಏಕಾಂತದಲ್ಲಿ ಕಂಡು ಸಂದೇಹಗಳನ್ನು ಕೇಳಬೇಕೆಂದು ಅಗಸ್ಟೀನನು ಹೋದಾಗಲೆಲ್ಲ, ಬಿಷಪ್ಪನು ಪುಸ್ತಕವನ್ನು ಮುಂದಿಟ್ಟುಕೊಂಡು, ಕಣ್ಣು ಪುಟದ ಮೇಲೆ ಸಾಗುತ್ತಿದ್ದರೂ ತುಟಿ ಅಲುಗದಂತೆ ಓದುತ್ತ ಕುಳಿತಿರುತ್ತಿದ್ದನು. ಬಂದವರನ್ನು ಯಾರೂ ತಡೆಯುತ್ತಿರಲಿಲ್ಲ. ಆದರೂ ಆ ತನ್ಮಯತೆಯನ್ನು ಕದಲಿಸುವ ಧೈರ್ಯವಾಗದೆ ಅಗಸ್ಟೀನನು ಬಹಳ ಹೊತ್ತು ಮೌನವಾಗಿ ಕುಳಿತಿದ್ದು ಎದ್ದುಬರುತ್ತಿದ್ದನು. ಗಟ್ಟಿಯಾಗಿ ಓದುವುದು ಹೆಚ್ಚು ಬಳಕೆಯಲ್ಲಿದ್ದ ಕಾಲದಲ್ಲಿ, ಓದಿ ಇತರರಿಗೆ ಕೇಳಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನಿಗೆ, ತನಗಾಗಿ ಮಾತ್ರ ಓದುವ ಮನುಷ್ಯನ ದರ್ಶನವು ಒಂದು ಪಾಠವಾಗಿದ್ದಿರಬೇಕು.

ಬುದ್ಧಿಯ ತೊಡಕುಗಳು ಒಂದೊಂದಾಗಿ ಕಳಚಿದರೂ ಬಾಳಿನ ತೊಡಕುಗಳು ಕಳಚಲಿಲ್ಲ. ಕಾರ್ಥೇಜಿನ ದಿನಗಳಿಂದ ಸುಮಾರು ಹದಿನೈದು ವರ್ಷ ಒಬ್ಬ ಸ್ತ್ರೀಯು ಅವನೊಡನೆ ಸಂಸಾರ ಮಾಡಿದ್ದಳು. ಅಡಿಯೋಡೇಟಸ್ ಎಂಬ ಮಗನೂ ಅವರಿಗಿದ್ದನು. ಪದವಿಗೆ ಒಪ್ಪುವ ವಿವಾಹದ ಸಲುವಾಗಿ ಆಕೆಯನ್ನು ಆಫ್ರಿಕಕ್ಕೆ ಹಿಂದಿರುಗಿಸಲಾಯಿತು. ಮಗನನ್ನು ಬಿಟ್ಟು, ಇನ್ನೊಬ್ಬ ಪುರುಷನನ್ನು ಅರಿಯೆನೆಂದು ವ್ರತತೊಟ್ಟು ಆಕೆ ಹೊರಟುಹೋದಳು. ಅಗಸ್ಟೀನನಾದರೋ, ಹೃದಯವು ಹರಿದು ರಕ್ತ ಸುರಿಯಿತೆಂದು ಹೇಳಿಕೊಳ್ಳುತ್ತಲೇ, ವಿವಾಹವಾಗುವವರೆಗೆ ಕಾಯಲಾರದೆ ಮತ್ತೊಬ್ಬಳನ್ನು ತಂದುಕೊಂಡನು. ಇದನ್ನೆಲ್ಲ ಮರೆಮಾಚದೆ ಬರೆದವನು ಆತನೇ. ಅಷ್ಟಾದರೂ ಆ ಸ್ತ್ರೀಯ ಹೆಸರನ್ನು ಮಾತ್ರ ಆತನು ಎಲ್ಲಿಯೂ ಹೇಳಲಿಲ್ಲವೆಂಬುದನ್ನು ಓದುಗನು ಗಮನಿಸದೆ ಇರಲಾರನು.

೩೮೬ರ ಬೇಸಗೆಯಲ್ಲಿ, ಆಫ್ರಿಕದವನೇ ಆದ ಪೊಂಟಿಶಿಯಾನಸ್ ಎಂಬ ಆಸ್ಥಾನದ ಅಧಿಕಾರಿಯು ಮನೆಗೆ ಬಂದನು. ಪಗಡೆಯಾಟಕ್ಕೆಂದು ಇರಿಸಿದ್ದ ಮೇಜಿನ ಮೇಲೆ ಒಂದು ಪುಸ್ತಕವು ಬಿದ್ದಿದ್ದಿತು. ಅಧ್ಯಾಪಕನ ಮನೆಯಲ್ಲವೇ, ಯಾವುದೋ ವಾಕ್ಕಲೆಯ ಪಠ್ಯವಿರಬೇಕೆಂದು ಅವನು ತೆರೆದು ನೋಡಿದರೆ ಅದು ಅಪೊಸ್ತಲ ಪೌಲನ ಪತ್ರಿಕೆಗಳ ಸಂಪುಟ. ಕ್ರೈಸ್ತನಾಗಿದ್ದ ಆ ಅತಿಥಿಯು ಸಂತೋಷಪಟ್ಟು, ಈಜಿಪ್ಟಿನ ಮರುಭೂಮಿಯ ತಪಸ್ವಿಯಾದ ಆಂಟನಿಯ ಕಥೆಯನ್ನು ಹೇಳಿದನು. ಈ ಆಂಟನಿಯು ಒಂದು ದಿನ ಚರ್ಚಿನೊಳಗೆ ಕಾಲಿಟ್ಟಾಗ, ಇದ್ದುದನ್ನೆಲ್ಲ ಬಡವರಿಗೆ ಹಂಚಿ ತನ್ನನ್ನು ಹಿಂಬಾಲಿಸುವಂತೆ ಯೇಸು ಒಬ್ಬ ಸಿರಿವಂತನಿಗೆ ಹೇಳಿದ ಸುವಾರ್ತೆಯ ಭಾಗವನ್ನು ಯಾರೋ ಓದುತ್ತಿದ್ದರು. ಎಲ್ಲರ ಕಿವಿಗೂ ಬಿದ್ದ ಆ ಮಾತನ್ನು ಆಂಟನಿಯೊಬ್ಬನು ತನಗೇ ಹೇಳಿದ್ದೆಂದು ತಿಳಿದು ಹಾಗೆಯೇ ನಡೆದುಕೊಂಡನು. ಅತಿಥಿಯು ಹೋದ ಮೇಲೆ ಅಗಸ್ಟೀನನು ಮಿತ್ರನಾದ ಅಲಿಪಿಯಸನ ಕಡೆಗೆ ತಿರುಗಿ, ಅಕ್ಷರವರಿಯದವರು ಎದ್ದು ಸ್ವರ್ಗವನ್ನು ಗೆಲ್ಲುತ್ತಿರುವಾಗ ಇಷ್ಟೆಲ್ಲ ಓದಿದ ನಾವು ಕೆಸರಿನಲ್ಲಿ ಹೊರಳುತ್ತಿದ್ದೇವಲ್ಲ ಎಂದು ಹಲುಬಿದನು.

ಇಬ್ಬರೂ ಮನೆಯ ಹಿಂದಿನ ತೋಟಕ್ಕೆ ಹೋದರು. ಅಗಸ್ಟೀನನು ತಲೆಗೂದಲನ್ನು ಕಿತ್ತುಕೊಂಡನು, ಹಣೆಯನ್ನು ಬಡಿದುಕೊಂಡನು, ಬೆರಳುಗಳನ್ನು ಹೆಣೆದು ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡನು. ಆ ಕ್ಷಣದಲ್ಲಿಯೂ ಆತನೊಳಗಿನ ಚಿಂತಕನು ಒಂದನ್ನು ಕಂಡನು: ಕೈಗೆ ಆಜ್ಞಾಪಿಸಿದರೆ ಕೈ ಏಳುತ್ತದೆ, ಮನಸ್ಸು ತನಗೆ ತಾನೇ ಆಜ್ಞಾಪಿಸಿಕೊಂಡರೆ ಮಾತ್ರ ಏಳುವುದಿಲ್ಲ, ಏಕೆಂದರೆ ಅದು ಪೂರ್ತಿಯಾಗಿ ಆಜ್ಞಾಪಿಸುತ್ತಿಲ್ಲ. ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ, ನೆರೆಮನೆಯ ಕಡೆಯಿಂದ, ಗಂಡುಮಗುವಿನದೋ ಹೆಣ್ಣುಮಗುವಿನದೋ ತಿಳಿಯದ ಒಂದು ಧ್ವನಿಯು, ತೆಗೆದುಕೊಂಡು ಓದುವಂತೆ ಮತ್ತೆ ಮತ್ತೆ ಹಾಡಿದುದು ಕೇಳಿಸಿತು. ಮಕ್ಕಳ ಆಟದಲ್ಲಿ ಅಂಥ ಹಾಡೊಂದಿದೆಯೇ ಎಂದು ಯೋಚಿಸಿದರೆ ನೆನಪಿಗೆ ಬರಲಿಲ್ಲ. ಆತನು ಎದ್ದುಬಂದು ಪೌಲನ ಸಂಪುಟವನ್ನು ತೆರೆದನು. ಕಣ್ಣಿಗೆ ಬಿದ್ದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೩ನೆಯ ಅಧ್ಯಾಯದ ಕೊನೆ. ಭೋಗ, ಮದ್ಯ, ಕಲಹ, ಮಾತ್ಸರ್ಯಗಳನ್ನು ತೊರೆದು ಕ್ರಿಸ್ತನನ್ನೇ ಧರಿಸಿಕೊಳ್ಳಬೇಕೆಂದು ಬೋಧಿಸುವ ಭಾಗ. ಮುಂದೆ ಓದುವ ಅವಶ್ಯಕತೆ ಬೀಳಲಿಲ್ಲ. ಪುಟದ ನಡುವೆ ಗುರುತಿಟ್ಟು ಅಲಿಪಿಯಸನಿಗೆ ತೋರಿಸಿದನು. ಅವನು ಅದರ ಮುಂದಿನ ವಾಕ್ಯವನ್ನು, ನಂಬಿಕೆಯಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿರೆಂಬುದನ್ನು, ತನಗೆಂದು ತೆಗೆದುಕೊಂಡನು.

ಈ ಪ್ರಸಂಗವನ್ನು ಶಕುನ ನೋಡಿದಂತೆ, ಪುಸ್ತಕದಲ್ಲಿ ಕಣ್ಣುಮುಚ್ಚಿ ಬೆರಳಿಟ್ಟಂತೆ, ಎಂದು ಬಗೆಯುವುದು ಸುಲಭ. ಆದರೆ ಬಿಷಪ್ಪನಾದ ಮೇಲೆ ಅಗಸ್ಟೀನನೇ, ಲೌಕಿಕ ವ್ಯವಹಾರಗಳಿಗೆ ಸುವಾರ್ತೆಯ ಪುಟಗಳಿಂದ ಭವಿಷ್ಯವನ್ನು ಹುಡುಕುವ ಪದ್ಧತಿಯು ತನಗೆ ಹಿಡಿಸದೆಂದು ಒಂದು ಪತ್ರದಲ್ಲಿ ಬರೆದಿದ್ದಾನೆ. ತೋಟದಲ್ಲಿ ಕಂಡ ವಾಕ್ಯವು ಆತನಿಗೆ ತಿಳಿಯದಿದ್ದ ಯಾವ ಸಂಗತಿಯನ್ನೂ ತಿಳಿಸಲಿಲ್ಲ. ತಾನು ವರ್ಷಗಟ್ಟಲೆ ನಾಳೆ ನಾಳೆಯೆಂದು ಮುಂದೂಡುತ್ತಿದ್ದ ವಿಷಯವನ್ನೇ ನೇರವಾಗಿ ಮುಟ್ಟಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ಗ್ರಂಥದ ಗುಣದೋಷಗಳನ್ನು ವಿಚಾರಿಸಿದ್ದನು. ಮೂವತ್ತೊಂದನೆಯ ವಯಸ್ಸಿನಲ್ಲಿ ಗ್ರಂಥವು ತನ್ನ ಗುಣದೋಷಗಳನ್ನು ವಿಚಾರಿಸಲು ಎಡೆಗೊಟ್ಟನು. ಶಾಸ್ತ್ರವಚನಕ್ಕೆ ಕಿವಿಗೊಡುವುದೆಂಬ ಕ್ರೈಸ್ತಪರಿಭಾಷೆಯ ಅರ್ಥವು ಇಲ್ಲಿದೆ.

ಹೀಗೆ ಕಿವಿಗೊಟ್ಟವನಿಗೆ ಎಲ್ಲವೂ ಒಡನೆಯೇ ಅರ್ಥವಾಯಿತೆಂದಲ್ಲ. ಏನನ್ನು ಓದಲೆಂದು ಕೇಳಿದಾಗ ಆಂಬ್ರೋಸನು ಪ್ರವಾದಿ ಯೆಶಾಯನ ಗ್ರಂಥವನ್ನು ಸೂಚಿಸಿದನು. ಅದರ ಮೊದಲ ಭಾಗವೇ ತಿಳಿಯದೆ, ದೇವರ ನುಡಿಯ ರೀತಿಯು ಇನ್ನಷ್ಟು ಅಭ್ಯಾಸವಾದ ಮೇಲೆ ಓದುವೆನೆಂದು ಅಗಸ್ಟೀನನು ಅದನ್ನು ಬದಿಗಿಟ್ಟನು. ಮೊದಲ ಸಲ ಪುಸ್ತಕವನ್ನು ಮುಚ್ಚಿಟ್ಟದ್ದಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಬೇಕು: ಅಂದು ದೋಷವು ಪುಸ್ತಕದ್ದು, ಇಂದು ಕೊರತೆಯು ತನ್ನದು. ೩೮೭ರ ಈಸ್ಟರ್ ಹಬ್ಬದ ರಾತ್ರಿ ಮಗನೊಡನೆಯೂ ಅಲಿಪಿಯಸನೊಡನೆಯೂ ಆಂಬ್ರೋಸನಿಂದ ದೀಕ್ಷಾಸ್ನಾನವನ್ನು ಪಡೆದನು. ೩೯೧ರಲ್ಲಿ, ಇಂದಿನ ಅನ್ನಾಬಾ ನಗರವಿರುವ ಹಿಪ್ಪೊ ಬಂದರಿಗೆ ಬಂದಿದ್ದಾಗ ಅಲ್ಲಿಯ ಜನರು ಆತನನ್ನು ಹಿಡಿದು ನಿಲ್ಲಿಸಿ, ಆತನು ಕಣ್ಣೀರಿಡುತ್ತಿದ್ದರೂ ಬಿಡದೆ, ಪಾದ್ರಿಯನ್ನಾಗಿ ಮಾಡಿಸಿದರು. ಸಾಮ್ರಾಜ್ಯದ ರಾಜಧಾನಿಯಲ್ಲಿ ವಾಕ್ಕಲೆಯನ್ನು ಕಲಿಸಿದ್ದ ಆ ಪ್ರೌಢನು ತನ್ನ ಬಿಷಪ್ಪನಾದ ವಲೇರಿಯಸನಿಗೆ ಪತ್ರ ಬರೆದು ಬೇಡಿಕೊಂಡದ್ದು, ಈಸ್ಟರಿನವರೆಗಾದರೂ ಶಾಸ್ತ್ರವನ್ನು ಅಭ್ಯಾಸಮಾಡಲು ಬಿಡುವು ಕೊಡಬೇಕೆಂದು.

ಹೀಗೆ ದೊರೆತ ತೃಪ್ತಿಯ ಸ್ವರೂಪವೇನು? ಆತನು ೩೯೬ರ ಸುಮಾರಿಗೆ ಆರಂಭಿಸಿ ೪೨೬ರಲ್ಲಿ ಮುಗಿಸಿದ ‘ಕ್ರೈಸ್ತಬೋಧೆ’ಯೆಂಬ ಗ್ರಂಥದಲ್ಲಿ ಒಂದು ವಿವೇಚನೆಯಿದೆ. ಲೋಕದಲ್ಲಿ ಕೆಲವನ್ನು ನಾವು ಉಪಯೋಗಿಸತಕ್ಕದ್ದು, ಕೆಲವನ್ನು ಅನುಭವಿಸಿ ಅವುಗಳಲ್ಲಿಯೇ ನೆಲೆನಿಲ್ಲತಕ್ಕದ್ದು. ತನ್ನ ಸಲುವಾಗಿಯೇ ಪ್ರೀತಿಸಲ್ಪಡಲು ಯೋಗ್ಯನಾದವನು ನಿತ್ಯನಾದ ದೇವರೊಬ್ಬನೇ. ಉಳಿದುದೆಲ್ಲ ಒಳ್ಳೆಯದೇ ಆದರೂ ನಿಲ್ಲುವಂಥದಲ್ಲ. ನಿಲ್ಲದುದರ ಮೇಲೆ ನೆಲೆಯನ್ನು ಕಟ್ಟಲು ಹೋದಾಗಲೇ ಮನಸ್ಸು ಕಂಗೆಡುವುದು. ಹಾಗಾದರೆ ಸೃಷ್ಟಿಯನ್ನು ಪ್ರೀತಿಸಲೇಬಾರದೇ ಎಂಬ ಸಂದೇಹಕ್ಕೆ ಆತನ ಒಂದು ಉಪದೇಶದಲ್ಲಿ ಚೆಂದದ ಉತ್ತರವಿದೆ. ವರನು ತನ್ನ ವಧುವಿಗೆ ಉಂಗುರವನ್ನು ಮಾಡಿಸಿಕೊಟ್ಟನೆನ್ನಿ. ಆಕೆ ಆ ಉಂಗುರವನ್ನು ಪ್ರೀತಿಸಲಿ. ಆದರೆ ಉಂಗುರವಿದ್ದರೆ ಸಾಕು, ಅವನ ಮುಖವನ್ನು ನೋಡಬೇಕಾಗಿಲ್ಲವೆಂದು ಆಕೆ ಹೇಳಿದರೆ ಅದನ್ನು ಏನೆನ್ನೋಣ? ಕೊಟ್ಟವನು ಕೊಟ್ಟದ್ದು ಉಂಗುರದಲ್ಲಿ ತಾನು ಪ್ರೀತಿಸಲ್ಪಡಲೆಂದು.

ಆದ್ದರಿಂದ ಆತನು ಬೋಧಿಸಿದ ತೃಪ್ತಿಯಲ್ಲಿ ವೈರಾಗ್ಯದ ಒಣತನವಿಲ್ಲ. ೪೧೦ರಲ್ಲಿ ಗಾಥರು ರೋಮ್ ನಗರವನ್ನು ಕೊಳ್ಳೆಹೊಡೆದಾಗ ಆಫ್ರಿಕಕ್ಕೆ ಓಡಿಬಂದ ಪ್ರೋಬಾ ಎಂಬ ಮಹಾಕುಲೀನ ವಿಧವೆಯು, ದೇವರಲ್ಲಿ ಏನನ್ನು ಬೇಡಿಕೊಳ್ಳಲೆಂದು ಕೇಳಿದಳು. ಆನಂದಮಯವಾದ ಜೀವನವನ್ನೇ ಬೇಡಿಕೊ ಎಂಬುದು ಅಗಸ್ಟೀನನ ಉತ್ತರ. ಆರೋಗ್ಯವನ್ನೂ ಸ್ನೇಹವನ್ನೂ ಬೇಡುವುದು ತಪ್ಪಲ್ಲವೆಂದು ಒಪ್ಪಿ, ಆ ಆನಂದದ ನಿಜವಾದ ನೆಲೆಯು ದೇವರಲ್ಲಿದೆಯೆಂದು ಆತನು ಆಕೆಗೆ ವಿವರಿಸಿದನು. ಆದರೆ ಆ ಆನಂದವು ಈ ಬಾಳಿನಲ್ಲಿಯೇ ಪೂರ್ತಿಯಾಗುವುದೆಂದು ಮಾತ್ರ ಆತನು ಯಾರಿಗೂ ಆಶ್ವಾಸನೆ ಕೊಡಲಿಲ್ಲ. ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಬಿಷಪ್ಪನಾದ ಮೇಲೂ ತನ್ನನ್ನು ಬಿಡದಿದ್ದ ಕನಸುಗಳು, ರುಚಿಯ ಚಪಲ, ಹೊಗಳಿಕೆಯ ಆಸೆ ಇವನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಾನೆ. ೪೩೦ರಲ್ಲಿ ವ್ಯಾಂಡಲರ ಸೈನ್ಯವು ಹಿಪ್ಪೊ ನಗರವನ್ನು ಮುತ್ತಿದ್ದಾಗ, ಜ್ವರದಿಂದ ಮಲಗಿದ್ದ ಆ ಎಪ್ಪತ್ತೈದರ ವೃದ್ಧನು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ತೂಗುಹಾಕಿಸಿಕೊಂಡು, ಹಾಸಿಗೆಯಿಂದಲೇ ಓದುತ್ತ ಅಳುತ್ತಿದ್ದನೆಂದು ಆತನ ಶಿಷ್ಯನೂ ಚರಿತ್ರಕಾರನೂ ಆದ ಪೊಸಿಡಿಯಸನು ತಿಳಿಸುತ್ತಾನೆ. ಆಗಸ್ಟ್ ೨೮ರಂದು ಆತನು ತೀರಿಕೊಂಡನು. ನೂರೈವತ್ತು ಕೀರ್ತನೆಗಳಿಗೂ ವ್ಯಾಖ್ಯಾನ ನೀಡಿ, ನೂರಾರು ಉಪದೇಶಗಳನ್ನು ಮಾಡಿದ್ದವನು ಕೊನೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿದನು.

ಇಷ್ಟು ಓದಿದವನು ಓದಿಗೆ ಇಟ್ಟ ಪರೀಕ್ಷೆಯು ಬಹು ಸರಳವಾದುದು. ಶಾಸ್ತ್ರವನ್ನು ತಿಳಿದೆನೆನ್ನುವವನಲ್ಲಿ ದೇವರ ಮೇಲಣ ಪ್ರೀತಿಯೂ ನೆರೆಯವನ ಮೇಲಣ ಪ್ರೀತಿಯೂ ಬೆಳೆಯದಿದ್ದರೆ ಅವನು ಅದನ್ನು ಇನ್ನೂ ತಿಳಿದಿಲ್ಲ. ಒಂದು ವಾಕ್ಯದ ಅರ್ಥವನ್ನು ತಪ್ಪಾಗಿ ಗ್ರಹಿಸಿದರೂ ಅದರಿಂದ ಪ್ರೀತಿಯು ಬೆಳೆದಿದ್ದರೆ ಅಂಥವನು, ದಾರಿ ತಪ್ಪಿದರೂ ಊರನ್ನು ಸೇರಿದವನು. ಅವನ ತಪ್ಪನ್ನು ತಿದ್ದಬೇಕು, ಅವನನ್ನು ಸುಳ್ಳುಗಾರನೆನ್ನಬಾರದು. ಈ ಪರೀಕ್ಷೆಯನ್ನು ಆತನು ತನ್ನ ಮನೆಗೂ ಅನ್ವಯಿಸಿಕೊಂಡನು. ಸೆರೆಸಿಕ್ಕವರನ್ನು ಬಿಡಿಸಲೂ ಬಡವರಿಗೆ ಹಂಚಲೂ ಪೂಜಾಪಾತ್ರೆಗಳನ್ನೇ ಕರಗಿಸಿದನು. ಗೈರುಹಾಜರಿದ್ದವರನ್ನು ಆಡಿಕೊಳ್ಳುವವರಿಗೆ ಇಲ್ಲಿ ಊಟವಿಲ್ಲವೆಂಬ ಭಾವದ ಪದ್ಯವೊಂದನ್ನು ಊಟದ ಮೇಜಿನ ಮೇಲೆ ಬರೆಯಿಸಿದ್ದನು. ಒಮ್ಮೆ ಆಪ್ತರಾದ ಬಿಷಪ್ಪರೇ ಅದನ್ನು ಮರೆತು ಮಾತಿಗಿಳಿದಾಗ, ಆ ಪದ್ಯವನ್ನು ಅಳಿಸಬೇಕು, ಇಲ್ಲವೇ ತಾನು ಊಟವನ್ನು ನಡುವೆ ಬಿಟ್ಟು ಕೋಣೆಗೆ ಹೋಗಬೇಕು ಎಂದು ಗದರಿಸಿದನು.

ತೃಪ್ತಿಯನ್ನು ಪ್ರಾರ್ಥನೆಯ ಕೋಣೆಯಲ್ಲಿ ಅರಸುವವರಿಗೂ ಅಧ್ಯಯನದ ಮೇಜಿನ ಮೇಲೆ ಅರಸುವವರಿಗೂ ಅಗಸ್ಟೀನನ ಬಾಳಿನಿಂದ ತಿಳಿಯತಕ್ಕದ್ದು ಇದು. ದೇವರಲ್ಲಿ ನೆಲೆಗೊಂಡ ಮನಸ್ಸಿಗೆ ಜಗತ್ತು ಬೇಡವಾಗುವುದಿಲ್ಲ. ತನ್ನ ಕೊರತೆಯನ್ನು ತುಂಬಬೇಕೆಂದು ಜಗತ್ತನ್ನು ಪೀಡಿಸುವ ಅಗತ್ಯವು ಮಾತ್ರ ಅದಕ್ಕೆ ಕಡಮೆಯಾಗುತ್ತದೆ. ಆ ಪೀಡೆ ಕಡಮೆಯಾಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಧಿಕಾರವು ಓದಿದವನಿಗಿಂತ ಹೆಚ್ಚಾಗಿ ಅವನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರಿಗೆ ಇರತಕ್ಕದ್ದು.